ಹವಾಲ್ದಾರರ ಮನೆಯ ರಿಪೋಟು

ನಮ್ಮ ಮನೆಯಲ್ಲಿದ್ದ ಪ್ರತಿಯೊಂದು ಸಾಮಾನಿನ ಮೇಲೂ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು ಇತ್ತು. ನೀರಿನ ಕೊಡ ಒಂಬತ್ತು, ರೊಟ್ಟಿಯ ಹಂಚು ಹದಿನಾಲ್ಕು, ನೆಲದಲ್ಲಿ ಹೂತು ಕೂತಿದ್ದ, ಯಾವ ಕಳ್ಳನೂ ಎತ್ತಲಾಗದ ಒಳಕಲ್ಲು ಮೂವತ್ತೊಂದು. ಹಂಚಿನ ಮೇಲಿನ ನಂಬರು ಒಲೆಯ ಉರಿಗೆ ಸುಟ್ಟು ಅಳಿಸಿಹೋಗುತ್ತಿತ್ತು. ಅಪ್ಪ ವಾರಕ್ಕೊಮ್ಮೆ ಬ್ರಶ್ಶು ಹಿಡಿದು ಕೂತು ಮತ್ತೆ ಬರೆಯುತ್ತಿದ್ದ. ದೇವರ ಜಗಲಿಯ ಹಿತ್ತಾಳೆ ದೀಪದ ಬುಡಕ್ಕೂ ಅವನು ನಂಬರು ಹಚ್ಚಿದ ದಿನ ಅವ್ವ ಮೊದಲ ಸಲ ಬಾಯಿ ತೆರೆದಿದ್ದು ನನಗೆ ನೆನಪಿದೆ.

"ದೇವ್ರಿಗೂ ನಂಬರ್ ಹಾಕ್ತೀರೇನ್ರಿ?"

"ದೀಪಕ್ಕ ಹಾಕೇನಿ, ದೇವ್ರಿಗಲ್ಲ. ದೇವ್ರು ಕಳುವಾಗಂಗಿಲ್ಲ, ದೀಪ ಆಗ್ತೈತಿ."

ಅಪ್ಪ ಮಿಲಿಟರಿಯಲ್ಲಿ ಸ್ಟೋರ್ ಹವಾಲ್ದಾರನಾಗಿದ್ದವನು. ಇಪ್ಪತ್ತು ವರ್ಷ ಕಂಬಳಿ, ಬೂಟು, ಬಕೆಟ್ಟುಗಳ ನಡುವೆ ಕಳೆದು ಬಂದಿದ್ದ. ಅವನು ಯುದ್ಧವನ್ನು ನೋಡಿದವನಲ್ಲ, ಕಂಬಳಿಗಳನ್ನು ನೋಡಿದವನು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಕಂಬಳಿ ಇಲ್ಲದೆ ಯಾವ ಸೈನ್ಯವೂ ಒಂದು ಚಳಿಗಾಲ ಕಳೆಯಲಾರದು. ಆದರೆ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಕೂತರೆ ಅಪ್ಪನ ಕಂಬಳಿಗಳೆಲ್ಲ ಮದ್ದುಗುಂಡುಗಳಾಗುತ್ತಿದ್ದವು. ಬ್ಯಾಡಗಿಯ ಹಮಾಲರೂ ದಲಾಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಪಿಂಚಣಿ ಪಡೆದು ಬಂದ ಮೇಲೆ ಅವನು ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಗೋದಾಮಿನಲ್ಲಿ ಕಾವಲುಗಾರರ ಮೇಲ್ವಿಚಾರಕನಾಗಿ ಸೇರಿದ್ದ. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದ. ಹಂಗಾಮಿನಲ್ಲಿ ಆದಿತ್ಯವಾರವೂ ರಜೆ ಇರುತ್ತಿರಲಿಲ್ಲ. ನಾವು ಉಸಿರಾಡುತ್ತಿದ್ದದ್ದು ಅವನು ಇಲ್ಲದ ಆ ಹತ್ತು ತಾಸು.

ಈಚೆಗೆ ನನ್ನನ್ನು ಸಂದರ್ಶನ ಮಾಡಲು ಬರುವವರೆಲ್ಲ ಒಂದೇ ಮಾತು ಕೇಳುತ್ತಾರೆ. 'ಜನರಲ್ ಸಾಹೇಬರೇ, ನಿಮ್ಮ ಶಿಸ್ತಿನ ಬೇರು ನಿಮ್ಮ ಮನೆಯಲ್ಲೇ ಇತ್ತಂತೆ, ತಂದೆಯವರೇ ನಿಮ್ಮ ಮೊದಲ ಗುರುಗಳಂತೆ?' ನಾನು ತಲೆಯಾಡಿಸುತ್ತೇನೆ. ಅವರು ಬರೆದುಕೊಂಡು ಹೋಗುತ್ತಾರೆ. ಮರುದಿನ ಪತ್ರಿಕೆಯಲ್ಲಿ ಅಪ್ಪನ ಫೋಟೋ, ಕೊರಳಿಗೆ ಬಿಗಿದ ಗುಂಡಿ, ಹುರಿ ಮಾಡಿದ ಮೀಸೆ. ಅದನ್ನು ನೋಡಿದಾಗೆಲ್ಲ ಪತ್ರಿಕೆಯನ್ನು ಮಗುಚಿ ಇಡುತ್ತೇನೆ. ಅವರು ಕೇಳಿದ್ದು ಸುಳ್ಳಲ್ಲ, ಅವನೇ ನನ್ನ ಗುರು. ಏನು ಕಲಿಸಿದ ಎಂದು ಮಾತ್ರ ಯಾರೂ ಕೇಳಿಲ್ಲವಾದ್ದರಿಂದ ನಾನೇ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಡಗಿಯ ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ, ಒಂದರ ಹಿಂದೊಂದು. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲಿನವರೆಗೂ ಕಾಣಿಸುತ್ತಿತ್ತು. ಅಪ್ಪ ಈ ಮನೆಯನ್ನು ಬಾಡಿಗೆಗೆ ಹಿಡಿದಿದ್ದೇ ಆ ಕಾರಣಕ್ಕೆ ಎಂದು ಅವ್ವ ಹೇಳುತ್ತಿದ್ದಳು. ಹಿತ್ತಲಲ್ಲಿ ಬಚ್ಚಲು, ಬಚ್ಚಲ ಆಚೆ ಮೊಳಕಾಲೆತ್ತರದ ಮಣ್ಣಿನ ಗೋಡೆ, ಗೋಡೆಯ ಆಚೆ ಖೈರುನ್‌ಬಿಯ ಅಂಗಳ. ಮೆಣಸಿನಕಾಯಿಯ ಹಂಗಾಮು ಬಂತೆಂದರೆ ಊರಿಗೆ ಊರೇ ಸೀನುತ್ತಿತ್ತು. ಘಾಟು ಗೋಡೆಗಳಿಗೆ, ಹಾಸಿಗೆಗೆ, ಹಾಲಿಗೆ ಕೂಡ ಅಂಟಿಕೊಳ್ಳುತ್ತಿತ್ತು. ಹೊರಗಿನಿಂದ ಬಂದ ನೆಂಟರು ಕಣ್ಣೊರೆಸಿಕೊಳ್ಳುತ್ತ ಬಂದು ಕಣ್ಣೊರೆಸಿಕೊಳ್ಳುತ್ತಲೇ ಹೋಗುತ್ತಿದ್ದರು.

ಸಂಜೆ ಏಳಕ್ಕೆ ಊಟ. ಊಟಕ್ಕೆ ಮೊದಲು 'ರಿಪೋಟು'. ಅಪ್ಪ ನಡುಮನೆಯಲ್ಲಿ ಮಣೆಯ ಮೇಲೆ ಕೂತಿರುತ್ತಿದ್ದ. ಅಕ್ಕ ಶಾಂತಾ ಮತ್ತು ನಾನು ಅವನ ಎದುರು ಗೋಡೆಗೆ ಬೆನ್ನು ತಾಗದಂತೆ ನಿಲ್ಲಬೇಕಿತ್ತು. ನಾವು ಮಾಡಿದ ತಪ್ಪನ್ನು ಹೇಳಿಕೊಳ್ಳುವುದಲ್ಲ, ಅದು ಅವನಿಗೆ ಬೇಕಿರಲಿಲ್ಲ. ಮನೆಯಲ್ಲಿ ಬೇರೆಯವರು ಏನು ಮಾಡಿದರು ಎಂಬುದನ್ನು ಹೇಳಬೇಕಿತ್ತು. ಅವ್ವ ಯಾರ ಜೊತೆ ಎಷ್ಟು ಹೊತ್ತು ಮಾತಾಡಿದಳು, ಹಾಲು ಉಕ್ಕಿತೇ, ಯಾರಾದರೂ ಹದಿನೇಳನೇ ನಂಬರಿನ ಚರಿಗೆಯನ್ನು ಜಾಗ ಬಿಟ್ಟು ಇಟ್ಟರೇ, ಶಾಂತಾ ಶಾಲೆಯಿಂದ ಬರುವಾಗ ಯಾವ ದಾರಿ ಹಿಡಿದಳು. ಒಳ್ಳೆಯ ರಿಪೋಟು ಕೊಟ್ಟವರಿಗೆ ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾರೆಳ್ಳಿನ ಚಟ್ನಿ. ಉಳಿದವರಿಗೆ ಬೆಳಗಿನ ಒಣಗಿದ ಕಟಕು ರೊಟ್ಟಿ. ಇಬ್ಬರು ಹೆಂಗಸರು ಮತ್ತು ಇಬ್ಬರು ಮಕ್ಕಳಿದ್ದ ಮನೆಯಲ್ಲಿ ಇಂಥ ಪದ್ಧತಿ ನಡೆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಎಲ್ಲರೂ ಎಲ್ಲರ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದರು.

"ಶಾಂತಾ, ರಿಪೋಟ್."

"ಏನಿಲ್ರಿ."

"ದಿನಾ ಏನಿಲ್ಲ ಅಂತೀಯಲ್ಲ, ಕಣ್ಣು ಎಲ್ಲಿಟ್ಟಿರ್ತೀ?"

"ಪುಸ್ತಕದಾಗ ಇಟ್ಟಿರ್ತೇನ್ರಿ."

ಶಾಂತಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳು ವರ್ಷಗಟ್ಟಲೆ 'ಏನಿಲ್ರಿ' ಎಂದಳು, ವರ್ಷಗಟ್ಟಲೆ ಕಟಕು ರೊಟ್ಟಿ ತಿಂದಳು, ಅದಕ್ಕಾಗಿ ಒಂದು ಸಲವೂ ಅಳಲಿಲ್ಲ. ನಾನು ಹಾಗಲ್ಲ. ನಾನು ಆ ಕೆಲಸದಲ್ಲಿ ಹುಟ್ಟಿನಿಂದಲೇ ಜಾಣ. ಬಾಗಿಲ ಸಂದಿನಲ್ಲಿ ಎಷ್ಟು ಹೊತ್ತು ನಿಂತರೆ ಕಾಲು ಜೋಮು ಹಿಡಿಯುವುದಿಲ್ಲ, ನಿದ್ದೆ ಬಂದವನಂತೆ ಹೇಗೆ ಉಸಿರಾಡಬೇಕು, ದೊಡ್ಡವರ ಮಾತಿನಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ಎಂಬುದೆಲ್ಲ ನನಗೆ ತಾನಾಗಿಯೇ ತಿಳಿಯುತ್ತಿತ್ತು. ಅಪ್ಪ 'ಶಾಬಾಸ್' ಎಂದಾಗ ಬೆನ್ನಹುರಿಯಲ್ಲಿ ಏರುತ್ತಿದ್ದ ಆ ಬೆಚ್ಚನೆಯ ಖುಷಿ ನನಗೆ ಇವತ್ತಿಗೂ ಮರೆತುಹೋಗಿಲ್ಲ. ಬೆಣ್ಣೆ ಗಲ್ಲದ ಮೇಲೆ ಹರಿಯುತ್ತಿದ್ದರೂ ಒರೆಸಿಕೊಳ್ಳದೆ ಅಕ್ಕನ ಕಡೆ ನೋಡುತ್ತ ತಿನ್ನುತ್ತಿದ್ದ ಆ ಹುಡುಗ ಎದುರಿಗೆ ಸಿಕ್ಕರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಸಿಗುವುದಿಲ್ಲ. ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಮಾತ್ರ ಕನ್ನಡಿಯಲ್ಲಿ ಸಿಗುತ್ತಾನೆ.

ಇಬ್ಬರು ಹೆಂಗಸರು ಎಂದೆನಲ್ಲ, ಅವ್ವನನ್ನು ಬಿಟ್ಟರೆ ಎರಡನೆಯವಳು ಗಂಗತ್ತಿ, ಅಪ್ಪನ ತಂಗಿ. ರಾಣೆಬೆನ್ನೂರಿನ ಪಕ್ಕದ ಹಲಗೇರಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಒಂದು ಮಧ್ಯಾಹ್ನ ಅವಳು ಮುಂದಿನ ಹಲ್ಲು ಮುರಿದುಕೊಂಡು, ಕೈಯಲ್ಲಿ ಗಂಟೂ ಇಲ್ಲದೆ ನಮ್ಮ ಪಡಸಾಲೆಯಲ್ಲಿ ಬಂದು ಕೂತಳು. ಗಂಡ ಹೊಡೆಯುತ್ತಾನೆ ಎಂದಳು. ಅಪ್ಪ ಇರಲು ಬಿಟ್ಟ, ಷರತ್ತಿನ ಮೇಲೆ. ಮನೆಯ ಹೊಸ್ತಿಲು ದಾಟಬಾರದು, ಅಡುಗೆ ಪೂರ್ತಿ ಅವಳದೇ, ಹೊರಗಿನವರ ಕೂಡ ಮಾತು ಬೇಡ. ತಂಗಿಗೆ ಆಸರೆ ಕೊಟ್ಟ ಅಣ್ಣ ಎಂದು ಊರಲ್ಲಿ ಹೆಸರಾಯಿತು, ಮನೆಗೆ ಪುಕ್ಕಟೆ ಅಡುಗೆಯವಳು ಸಿಕ್ಕಳು. ಅವ್ವನಿಗೆ ದಮ್ಮು ಇತ್ತು, ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಹೀಗಾಗಿ ನಾನು ಅಷ್ಟು ಹೆಮ್ಮೆಯಿಂದ ತಿನ್ನುತ್ತಿದ್ದ ಆ ಮೊದಲ ಬಿಸಿ ರೊಟ್ಟಿಯನ್ನು ಬಡಿಯುತ್ತಿದ್ದವಳು ಗಂಗತ್ತಿಯೇ. ರಿಪೋಟು ಅವಳ ಮೇಲಿದ್ದ ದಿನವೂ ಅವಳೇ ಬಡಿದು, ಅವಳೇ ಬೆಣ್ಣೆ ಹಚ್ಚಿ ನನ್ನ ತಾಟಿಗೆ ಹಾಕುತ್ತಿದ್ದಳು.

"ಇವತ್ತ ನನ್ನ ಮ್ಯಾಲೆ ಏನ್ ಹೇಳಿದ್ಯೋ ಸಾಹೇಬಾ?" ಎಂದು ಮುರಿದ ಹಲ್ಲು ಕಾಣುವಂತೆ ನಗುತ್ತಿದ್ದಳು.

"ಸಾರಿಗೆ ಉಪ್ಪು ಎರಡು ಸಲ ಹಾಕಿದಿ ಅಂತ."

"ಖರೇ ಐತಿ. ಹಾಕೇನಿ. ತಿನ್ನು."

ಅವಳ ಮೇಲೆ ನನಗೆ ಪ್ರೀತಿ ಇತ್ತು. ಇದನ್ನು ಬರೆಯಲು ಕೈ ಹೇಸುತ್ತದೆ, ಆದರೂ ನಿಜ. ನನಗೆ ಜ್ವರ ಬಂದರೆ ತಲೆದೆಸೆಯಲ್ಲಿ ಕೂರುತ್ತಿದ್ದವಳು ಅವಳು. ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ಹೋಗಿ ಬಂದವರು ಯಾರಾದರೂ ಪ್ರಸಾದ ಕೊಟ್ಟರೆ ತನ್ನ ಪಾಲನ್ನೂ ನನಗೇ ಕೊಡುತ್ತಿದ್ದಳು. ಏಳನೇ ಇಯತ್ತೆ ಮುಗಿಸಿದ್ದಳು, ಅಕ್ಷರ ಮುತ್ತಿನಂಥದ್ದು. ವಾರಕ್ಕೊಮ್ಮೆ ಅವ್ವನ ದಮ್ಮಿಗೆ ಔಷಧ ಕೊಡಲು ಮನೆಗೆ ಬರುತ್ತಿದ್ದ ಒಬ್ಬ ಡಾಕ್ಟರಮ್ಮ ಅವಳ ಬರಹ ನೋಡಿ ಹಾವೇರಿಯ ವಿಷಯ ಹೇಳಿದ್ದಳಂತೆ. ಅಲ್ಲಿ ಹೆರಿಗೆ ಮಾಡಿಸುವ ನರ್ಸುಗಳಿಗೆ ತರಬೇತಿ ಕೊಡುತ್ತಾರೆ, ಇರಲು ಜಾಗವೂ ಊಟವೂ ಉಂಟು, ಗಂಡ ಬಿಟ್ಟವರನ್ನೂ ತೆಗೆದುಕೊಳ್ಳುತ್ತಾರೆ. ಅರ್ಜಿಯನ್ನು ಡಾಕ್ಟರಮ್ಮನೇ ಕೊಟ್ಟಿದ್ದಳು. ಹೇಳಿದ ದಿನ ಎರಡು ಬಿಳಿ ಸೀರೆ, ಹಾಸಿಗೆ, ಪಾತ್ರೆ ತೆಗೆದುಕೊಂಡು ಹಾವೇರಿಯಲ್ಲಿ ಹಾಜರಾಗಬೇಕು. ಅಪ್ಪನನ್ನು ಕೇಳುವ ಮಾತೇ ಇರಲಿಲ್ಲ. ತಪ್ಪಿಸಿಕೊಂಡೇ ಹೋಗಬೇಕು, ಹೋಗುವವರೆಗೂ ಯಾರಿಗೂ ಗೊತ್ತಾಗಬಾರದು.

ಇದೆಲ್ಲ ನನಗೆ ಹೇಗೆ ತಿಳಿಯಿತು ಎಂಬುದನ್ನು ಹೇಳುತ್ತೇನೆ. ಆದಿತ್ಯವಾರ ನನಗೆ ಎಣ್ಣೆ ಸ್ನಾನ. ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಗಂಗತ್ತಿ ತಲೆಗೆ ಎಣ್ಣೆ ತಟ್ಟುತ್ತಿದ್ದಳು, ಹುಬ್ಬಿಗೆ, ಕಣ್ಣಿನ ರೆಪ್ಪೆಗೆ, ಕಿವಿಯ ಸಂದಿಗೆಲ್ಲ ತಿಕ್ಕುತ್ತಿದ್ದಳು. ಆ ಆದಿತ್ಯವಾರ ಅವಳ ಬೆರಳು ರೆಪ್ಪೆಗೆ ತಾಗಿದ್ದೇ ತಡ, ಕಣ್ಣಿಗೆ ಕೆಂಡ ಇಟ್ಟಂತಾಯಿತು. ನಾನು ಕಿರುಚಿದೆ. ಅವಳು ಕೈಯಿಂದ ನನ್ನ ಬಾಯಿ ಮುಚ್ಚಿದಳು, ತುಟಿಯೂ ಉರಿಯಿತು. ಬ್ಯಾಡಗಿಯ ಮಕ್ಕಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೆಣಸಿನಕಾಯಿಯ ತೊಟ್ಟಿಗೆ ನಮ್ಮಲ್ಲಿ ತುಂಬು ಎನ್ನುತ್ತಾರೆ. ವ್ಯಾಪಾರಿಗಳು ಚೀಲಗಳನ್ನು ಬಡವರ ಮನೆಗಳಿಗೆ ಕಳಿಸುತ್ತಾರೆ, ಹೆಂಗಸರು ಅಂಗಳದಲ್ಲಿ ಕೂತು ದಿನವಿಡೀ ತುಂಬು ಬಿಡಿಸುತ್ತಾರೆ. ಆ ಖಾರ ಉಗುರಿನ ಸಂದಿಗೆ ಇಳಿದರೆ ನೀರಿಗೆ ಜಗ್ಗುವುದಿಲ್ಲ, ಎಣ್ಣೆ ತಾಗಿದರೆ ಎದ್ದು ಕೂರುತ್ತದೆ. ಹೊಸ್ತಿಲು ದಾಟಬಾರದ ಗಂಗತ್ತಿಯ ಕೈಗೆ ಆ ಖಾರ ಎಲ್ಲಿಂದ ಬಂತು ಎಂದು ನಾನು ಕಣ್ಣು ಮುಚ್ಚಿಕೊಂಡು ಅಳುತ್ತಿರುವಾಗಲೇ ಲೆಕ್ಕ ಹಾಕಿದ್ದೆ.

ಅವಳು ಕಣ್ಣಿಗೆ ಮಜ್ಜಿಗೆ ಹಾಕಿ ತೊಳೆದಳು. ಗಲ್ಲ ಹಿಡಿದು ಎಲ್ಲವನ್ನೂ ಹೇಳಿದಳು, ಹತ್ತು ವರ್ಷದ ಹುಡುಗನಿಗಲ್ಲ, ತನ್ನ ಓರಗೆಯವರಿಗೆ ಹೇಳಿದ ಹಾಗೆ. ಮಧ್ಯಾಹ್ನ ಹಿತ್ತಲ ಗೋಡೆ ದಾಟಿ ಖೈರುನ್‌ಬಿಯ ಅಂಗಳದಲ್ಲಿ ಅವಳ ಪಾಲಿನ ಚೀಲಗಳ ತುಂಬು ಬಿಡಿಸುತ್ತಾಳೆ. ಖೈರುನ್‌ಬಿ ಆ ಕೂಲಿಯ ದುಡ್ಡಿನಲ್ಲಿ ಒಂದು ಬಿಳಿ ಸೀರೆ ಆಗಲೇ ತಂದಿಟ್ಟಿದ್ದಾಳೆ, ಇನ್ನೊಂದು ಬರಬೇಕು. ಅವ್ವನಿಗೆ ಗೊತ್ತು, ಅವ್ವ ಕಣ್ಣು ಮುಚ್ಚಿಕೊಂಡಿದ್ದಾಳೆ. ದಿನಾ ಹುಣಸೆಹಣ್ಣಿನಿಂದ ಕೈ ತೊಳೆದುಕೊಳ್ಳುತ್ತಿದ್ದಳು, ಇವತ್ತು ಅವಸರದಲ್ಲಿ ಮರೆತಳು.

"ಇನ್ನ ಹನ್ನೆರಡು ದಿವಸ ಅಷ್ಟ, ಶಿವಾ. ಯಾರ ಮುಂದನೂ ಹೇಳಬ್ಯಾಡ ನನ್ನಪ್ಪಾ. ನಿಮ್ಮಪ್ಪಗ ತಿಳೀತಂದ್ರ ನನ್ನ ಹಲಗೇರಿಗೆ ಒಯ್ದು ಬಿಡ್ತಾನ. ಅಲ್ಲಿ ಗಂಡ ನನ್ನ ಕೊಂದ ಹಾಕ್ತಾನ."

"ಹೇಳಂಗಿಲ್ಲ ಅತ್ತಿ."

"ಆಣಿ ಮಾಡು."

"ಕದರಮಂಡಲಗಿ ಹಣಮಪ್ಪನ ಆಣಿ."

ಸೋಮವಾರ ಹೇಳಲಿಲ್ಲ. ಮಂಗಳವಾರ ಹೇಳಲಿಲ್ಲ. ಬುಧವಾರ ಸಂಜೆ ಹೇಳಿದೆ. ಅಪ್ಪ ಹೊಡೆದನೇ? ಇಲ್ಲ. ಸಂಶಯಪಟ್ಟು ಒತ್ತಾಯ ಮಾಡಿದನೇ? ಅದೂ ಇಲ್ಲ. ಎರಡು ದಿನದಿಂದ ನನ್ನ ರಿಪೋಟಿನಲ್ಲಿ ಹುರುಳಿರಲಿಲ್ಲ, ಅಪ್ಪ ನನ್ನ ಕಡೆ ನೋಡದೆ ತಾಟು ಎಳೆದುಕೊಂಡಿದ್ದ, ಅಷ್ಟೇ. ಅವನು ನನ್ನ ಕಡೆ ನೋಡಲಿ ಎಂಬ ಆಸೆಗೆ ನಾನು ಹೇಳಿದೆ. ಇದಕ್ಕಿಂತ ದೊಡ್ಡ ಕಾರಣ ಇತ್ತೆಂದು ನನಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ, ಭಯವಿತ್ತು, ಎಳೆಯ ವಯಸ್ಸು, ಬುದ್ಧಿ ಇರಲಿಲ್ಲ ಎಂದು. ಎಲ್ಲ ಸುಳ್ಳು. ಹೇಳುವ ಮೊದಲು ನಾನು ಗಂಟಲು ಸರಿಪಡಿಸಿಕೊಂಡಿದ್ದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ನಾನು ದನಿ ತಗ್ಗಿಸಿ ಹೇಳಿದ್ದರಿಂದ ಅವಳಿಗೆ ಕೇಳಿಸಲಿಲ್ಲ. ಶಾಂತಕ್ಕನಿಗೆ ಕೇಳಿಸಿತು. ಅವಳು ನನ್ನ ಮುಖ ನೋಡಿದ ರೀತಿಗೆ ಸರಿಯಾದ ಶಬ್ದ ಬೇಕೆಂದರೆ ಹೇಸಿಗೆ. ಅಪ್ಪ ಸಿಟ್ಟಾಗಲಿಲ್ಲ. ಅವನು ಖುಷಿಯಾದ. ನನ್ನನ್ನು ಹತ್ತಿರ ಕರೆದು ಹೆಗಲ ಮೇಲೆ ಕೈ ಇಟ್ಟ, ಮೊದಲ ಸಲ.

"ಶಾಬಾಸ್. ನೀ ಆಫೀಸರ್ ಆಗಾಂವ ಅದಿ. ನಿನ್ನ ಹೆಸರು ಹೊರಗ ಬರಂಗಿಲ್ಲ. ಸುದ್ದಿ ಕೊಟ್ಟಾವನ್ನ ಯಾವತ್ತೂ ತೋರಿಸಬಾರ್ದು, ತಿಳೀತಿಲ್ಲೊ?"

"ತಿಳೀತ್ರಿ."

ಅಂದು ನನಗೆ ಎರಡು ಬಿಸಿ ರೊಟ್ಟಿ ಸಿಕ್ಕವು. ಮರುದಿನ ಬೆಳಿಗ್ಗೆ ಅಪ್ಪ ಗೋದಾಮಿಗೆ ಹೋಗಲಿಲ್ಲ. ಗಂಗತ್ತಿಯನ್ನು ನಡುಮನೆಗೆ ಕರೆದ. ಅವನು ಕೂಗಾಡಿದ್ದರೆ ನನಗೆ ಈಗ ಅವನ ಮೇಲೆ ಇಷ್ಟು ಅಸಹ್ಯ ಇರುತ್ತಿರಲಿಲ್ಲವೇನೋ. ಸ್ಟೋರಿನ ಹವಾಲ್ದಾರ ಕಳುವಾದ ಬಕೆಟ್ಟಿನ ವಿಚಾರಣೆ ಮಾಡುವ ಹಾಗೆ ನಿಧಾನವಾಗಿ, ನಯವಾಗಿ ಮಾತಾಡಿದ.

"ಹಾವೇರಿಗೆ ಯಾವಾಗ ಹೊಂಟಿದ್ದಿ ಗಂಗಾ?"

ಗಂಗತ್ತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಯಾರು ಹೇಳಿದ್ರಣ್ಣಾ?"

"ಯಾರ್ ಹೇಳ್ಬೇಕು? ನಿನ್ನ ಜೀವದ ಗೆಳತಿ. ನಿನ್ನೆ ಗೋದಾಮಿನ್ಯಾಗ ತುಂಬಿನ ಚೀಲ ಒಪ್ಪಿಸಾಕ ಬಂದಿದ್ಳು, ತಾನ ಬಂದು ಹೇಳಿದ್ಳು. ನಿಮ್ಮ ಮನಿತನದ ಮಾನ ಐತ್ರಿ ಹವಾಲ್ದಾರ್ರ, ನನಗ ನೋಡಾಕ ಆಗಂಗಿಲ್ರಿ ಅಂದ್ಳು."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಗಂಗತ್ತಿ ನನ್ನ ಕಡೆ ಒಮ್ಮೆ ನೋಡಿದಳು. ಸಂಶಯದಿಂದಲ್ಲ. 'ಕೇಳಿದೆಯಾ, ಅವಳು ಹೀಗೆ ಮಾಡಿದಳಲ್ಲ' ಎಂದು ನನ್ನ ಬಳಿ ದುಃಖ ಹೇಳಿಕೊಳ್ಳುವ ನೋಟ ಅದು. ಆ ಗಳಿಗೆಯಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಹಲಗೇರಿಗೆ ಹೋಗುವುದು ತಪ್ಪುತ್ತಿರಲಿಲ್ಲ, ಆದರೆ ಗೆಳತಿ ಉಳಿಯುತ್ತಿದ್ದಳು. ನಾನು ನನ್ನ ಹೆಸರು ಹೊರಗೆ ಬರಲಿಲ್ಲವೆಂಬ ಸಮಾಧಾನದಲ್ಲಿ ನೆಟ್ಟಗೆ ನಿಂತೇ ಇದ್ದೆ.

ಮಧ್ಯಾಹ್ನ ಸುದ್ದಿ ತಿಳಿದು ಖೈರುನ್‌ಬಿ ಹಿತ್ತಲ ಗೋಡೆಯ ಬಳಿ ಓಡಿ ಬಂದಳು. ಎತ್ತರದ, ಒರಟು ದನಿಯ ಹೆಂಗಸು. ಮಡಿಚಿದ ಬಿಳಿ ಸೀರೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಗಂಗತ್ತಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.

"ಗಂಗಾ, ಅಲ್ಲಾನ ಆಣಿ ಮಾಡಿ ಹೇಳ್ತೇನಿ, ನಾ ಹೇಳಿಲ್ಲ ಬೇ. ನನ್ನ ಮಕ್ಕಳ ಆಣಿ. ನಾ ಯಾಕ ಹೇಳ್ಲಿ? ಈಗಿಂದೀಗ ಬಾ, ಸೀರಿ ತಂದೇನಿ, ನಾನ ನಿನ್ನ ಹಾವೇರಿ ಗಾಡಿ ಹತ್ತಿಸ್ತೇನಿ."

"ಬಾಯಿ ಮುಚ್ಚು. ನಾನು, ನೀನು, ಡಾಕ್ಟರಮ್ಮ, ನಮ್ಮ ವೈನಿ ಬಿಟ್ರ ಗೊತ್ತಿದ್ದಾವ್ರು ಯಾರು? ಡಾಕ್ಟರಮ್ಮ ಹೇಳ್ತಾಳೇನು? ವೈನಿ ಹೇಳ್ತಾಳೇನು? ನಿನ್ನ ಕೈಯಾಗ ನೀರು ಕುಡದ್ನೆಲ್ಲ, ನನ್ನ ಬಾಯಿಗೆ ಹುಳಾ ಬೀಳಲಿ."

ತಿಳಿದಿದ್ದವರ ಲೆಕ್ಕದಲ್ಲಿ ಅವಳು ನನ್ನನ್ನು ಸೇರಿಸಲೇ ಇಲ್ಲ. ನಾನು ಅವಳ ಮಗನ ಹಾಗಿದ್ದವನು, ಹನುಮಪ್ಪನ ಆಣೆ ಮಾಡಿದವನು. ಖೈರುನ್‌ಬಿ ಗೋಡೆಯ ಮೇಲೆ ಕೈಯೂರಿ ಅಲ್ಲೇ ಕುಸಿದಳು. ಗಂಗತ್ತಿ ಅವಳ ಕಡೆ ಥೂ ಎಂದು ಉಗುಳಿ ಒಳಗೆ ಬಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ಶನಿವಾರ ಅಪ್ಪ ಅವಳನ್ನು ಹಲಗೇರಿಗೆ ಕರೆದುಕೊಂಡು ಹೊರಟ. ಬಹುಮಾನವೆಂದು ನನ್ನನ್ನೂ ಕರೆದುಕೊಂಡ. ರಾಣೆಬೆನ್ನೂರಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಅವಳ ಗಂಡ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಅಪ್ಪ ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟ, ಗಟ್ಟಿಯಾಗಿ ಓದು ಎಂದ. ಸ್ಟೋರಿನಲ್ಲಿ ಸಾಮಾನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವಾಗ ಬರೆಯುವಂಥ ಪಟ್ಟಿ ಅದು. ಓದಿದೆ. ಇಳಕಲ್ ಸೀರೆ ಎರಡು. ಕುಪ್ಪಸ ಮೂರು. ತಾಮ್ರದ ಚರಿಗೆ ಒಂದು. ಕಂಬಳಿ ಒಂದು. ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿ: ಗಂಗವ್ವ, ಒಬ್ಬಾಕೆ, ಆರೋಗ್ಯ ಸರಿ ಇದೆ. ಗಂಡ ಹೆಬ್ಬೆಟ್ಟು ಒತ್ತಿದ. ಅಪ್ಪ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡ. ಗಂಗತ್ತಿ ತನ್ನ ಗಂಟನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ ನನ್ನನ್ನು ಕರೆದು, 'ಕಣ್ಣಿನ ಉರಿ ಹೋತೇನೊ' ಎಂದು ಕೇಳಿದಳು.

ಆ ಬೇಸಿಗೆಯಲ್ಲೇ ನನ್ನನ್ನು ಒಂದು ಸೈನಿಕ ಶಾಲೆಯ ಸಂದರ್ಶನಕ್ಕೆ ಕರೆದಿದ್ದರು. ಅಪ್ಪ ಕಲಿಸಿದ ಅರೆಬರೆ ಹಿಂದಿಯಲ್ಲಿ ಉತ್ತರ ಕೊಟ್ಟೆ. ಮೇಜಿನ ಆಚೆ ಮೂವರಿದ್ದರು. ನಿನ್ನವರೇ ನಿಯಮ ಮುರಿದರೆ ಏನು ಮಾಡುತ್ತೀಯ ಎಂದು ಒಬ್ಬರು ಕೇಳಿದರು. ನಾನು ಗಂಗತ್ತಿಯ ಕಥೆ ಹೇಳಿದೆ. ಪೂರ್ತಿ ಹೇಳಿದೆ, ಎಣ್ಣೆ, ಖಾರ, ಹೇಗೆ ಪತ್ತೆ ಹಚ್ಚಿದೆ, ಹೇಗೆ ಮೂರು ದಿನ ಕಾದೆ. ಕಾದದ್ದು ತಾಳ್ಮೆಯಿಂದ ಎಂಬಂತೆ ಹೇಳಿದೆ. ಒಬ್ಬರು ನಕ್ಕು ತಲೆದೂಗಿದರು, ಇನ್ನೊಬ್ಬರು ಬರೆದುಕೊಂಡರು. ಮೂರನೆಯವರು, ಎಲ್ಲರಿಗಿಂತ ಹಿರಿಯರು, ನನ್ನನ್ನು ಒಂದಿಷ್ಟು ಹೊತ್ತು ನೋಡಿ ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಮತದಲ್ಲಿ ಅವರು ಸೋತಿರಬೇಕು, ನನಗೆ ಸೀಟು ಸಿಕ್ಕಿತು.

ಆ ಮೇಲಿನ ಸುಮಾರು ಐವತ್ತು ವರ್ಷಗಳನ್ನು ನನ್ನ ಈ ಆತ್ಮಕಥೆಯ ಬೇರೆ ಕಡೆ ಬರೆದಿದ್ದೇನೆ. ಬೆಟ್ಟಗಳು, ಮರುಭೂಮಿ, ಭುಜದ ಮೇಲೆ ಒಂದೊಂದಾಗಿ ಏರಿದ ನಕ್ಷತ್ರಗಳು. ನನಗಿಂತ ಧೈರ್ಯವಂತರನ್ನು, ನೇರ ನಡತೆಯವರನ್ನು ದಂಡಿಯಾಗಿ ನೋಡಿದೆ. ಅವರಲ್ಲಿ ಅನೇಕರು ಮೇಜರ್ ಆಗಿಯೇ ಮನೆಗೆ ಹೋದರು. ಹಿಮದ ಠಾಣೆಯೊಂದರಲ್ಲಿ ಒಂದು ಮಗ್ಗಿನಲ್ಲಿ ಚಹಾ ಹಂಚಿಕೊಂಡ ಗೆಳೆಯನೊಬ್ಬ ಮೇಲಿನವರ ಆದೇಶದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ. ಆ ಮಾತು ಸಂಜೆಯೊಳಗೆ ಮೇಲಿನವರಿಗೆ ಮುಟ್ಟಿತು. ಮುಟ್ಟಿಸಿದವನು ನಾನು. ಅವನು ಇವತ್ತಿಗೂ ಮಕ್ಕಳ ಮದುವೆಗೆ ನನ್ನನ್ನು ಪ್ರೀತಿಯಿಂದ ಕರೆಯುತ್ತಾನೆ, ನಾನು ಹೋಗಿ ಊಟ ಮಾಡಿ ಬರುತ್ತೇನೆ. ಯಾರೂ ನನ್ನಿಂದ ಅದನ್ನು ಕೇಳಿರಲಿಲ್ಲ, ಅಂಥ ನಿಯಮವೂ ಇರಲಿಲ್ಲ. ನನ್ನ ಒಳಗಿನ ಹುಡುಗನಿಗೆ ಯಾರಾದರೂ ಹೆಗಲ ಮೇಲೆ ಕೈ ಇಡಬೇಕಿತ್ತು.

ನಿವೃತ್ತಿಯ ಮೇಲೆ ಹಾವೇರಿಯಲ್ಲಿ ಸನ್ಮಾನ ಮಾಡಿದರು. ಪೇಟ ತೊಡಿಸಿ ಏಲಕ್ಕಿ ಹಾರ ಹಾಕಿದರು. ಒಬ್ಬರ ಹಿಂದೊಬ್ಬರು ಎದ್ದು ಶಿಸ್ತು, ಶಿಸ್ತು ಎಂದರು. ಒಬ್ಬ ಮಹನೀಯರು ನಮ್ಮ ಅಪ್ಪನ ನಂಬರು ಹಾಕಿದ ಪಾತ್ರೆಗಳ ಕಥೆಯನ್ನು ಎಲ್ಲಿಂದಲೋ ಸಂಗ್ರಹಿಸಿ ಬಂದಿದ್ದರು, ಅದನ್ನು ಹೇಳಿ ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ಹಾರವನ್ನು ಕುರ್ಚಿಯ ಮೇಲೆ ಬಿಟ್ಟು ಹೊರಗೆ ಬಂದೆ. ಕಾರು ಹತ್ತಿ ಡ್ರೈವರನಿಗೆ ನೇರವಾಗಿ ಹಲಗೇರಿಗೆ ಹೋಗು ಎಂದೆ. ಗಂಗತ್ತಿ ಬದುಕಿದ್ದಾಳೆಂದು ಶಾಂತಕ್ಕ ಹೇಳಿದ್ದಳು. ಬ್ಯಾಡಗಿಯಲ್ಲೇ ಇರುವ ಅವಳೇ ಅದಕ್ಕೂ ಹಿಂದಿನ ವರ್ಷ, ಖೈರುನ್‌ಬಿ ತೀರಿಕೊಂಡಳೆಂದೂ ಫೋನಿನಲ್ಲಿ ಹೇಳಿದ್ದಳು.

ಗಂಗತ್ತಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು. ಒಣಗಿ ಸಣ್ಣಗಾಗಿದ್ದಳು, ಎಡಗೈ ನೆಟ್ಟಗಿರಲಿಲ್ಲ. ಯಾವಾಗಲೋ ಮುರಿದದ್ದು ಹಾಗೆಯೇ ಕೂಡಿಕೊಂಡಿತ್ತು. ಅವಳ ಗಂಡ ಸತ್ತು ಬಹಳ ಕಾಲವಾಗಿತ್ತು. ನನ್ನ ಗಲ್ಲ ಸವರಿ ಸಾಹೇಬ ಎಂದಳು. ನಾನು ಬಾಗಿಲು ಮುಂದೆ ಮಾಡಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಂದು ಹೇಳಿದವನು ನಾನು, ಖೈರುನ್‌ಬಿ ಅಲ್ಲ, ಅಪ್ಪ ಸುಳ್ಳು ಹೇಳಿದ, ನಾನು ಸುಮ್ಮನಿದ್ದೆ. ಅವಳು ಬೈಯುತ್ತಾಳೆಂದುಕೊಂಡೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಕಿಟಕಿಯ ಕಡೆ ತಿರುಗಿದಳು.

"ಆಕಿ ಎರಡು ಸಲ ಬಂದಿದ್ಳು ಇಲ್ಲಿಗೆ. ನನ್ನ ಮಗಳು ಹುಟ್ಟಿದಾಗ ಕೂಸಿಗೆ ಕುಂಚಿಗಿ ಹೊಲಕೊಂಡು ಬಂದಿದ್ಳು. ನಾ ಬಾಗ್ಲಾ ತಗೀಲಿಲ್ಲ. ಬಿಸಲಾಗ ನಿಂತು ನಿಂತು ಹ್ವಾದ್ಳು." ಆಮೇಲೆ ಒಮ್ಮೆಲೇ ಮಂಚದಿಂದ ಕಾಲು ಇಳಿಬಿಟ್ಟಳು. "ಶಿವಾ, ನಿನ್ನ ಗಾಡಿ ಐತೆಲ್ಲ, ನನ್ನ ಬ್ಯಾಡಗಿಗೆ ಕರಕೊಂಡ ಹೋಗು. ಈಗ ಹೋಗೂನು. ಆಕಿ ಕಾಲಿಗೆ ಬೀಳ್ತೇನಿ."

"ಅತ್ತಿ, ಆಕಿ ಇಲ್ಲ. ಹ್ವಾದ ವರ್ಷ ತೀರಿಕೊಂಡ್ಳು."

ಒಂದು ಕಾಲು ಚಪ್ಪಲಿಯೊಳಗೆ ಹೋಗಿತ್ತು, ಅದನ್ನು ಹಾಗೇ ಇಟ್ಟುಕೊಂಡು ಅವಳು ನನ್ನನ್ನು ನೋಡಿದಳು.

"ನಿನಗ ಗೊತ್ತಿತ್ತೇನು, ಆಕಿ ಸತ್ತದ್ದು?"

"ಗೊತ್ತಿತ್ತು."

"ಗೊತ್ತಿದ್ದೂ ಬಂದ್ಯಾ? ಇಷ್ಟು ವರ್ಷ ಆಕಿನ್ನ ಬೈಕೋತ ದಿನಾ ಕಳದ್ನೆಪ್ಪಾ ನಾನು. ಆಕಿ ಇದ್ದಾಗ ಹೇಳಲಿಲ್ಲ. ಸತ್ತ ಮ್ಯಾಲೆ ನನಗ ಯಾಕ ಹೇಳಿದಿ?"

ಅವಳು ಗೋಡೆಯ ಕಡೆ ತಿರುಗಿ ಮಲಗಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹೊರಗೆ ಅವಳ ಅಳಿಯ ಅಕ್ಕಪಕ್ಕದವರನ್ನೆಲ್ಲ ಕೂಡಿಸಿಕೊಂಡು ಜನರಲ್ ಸಾಹೇಬರ ಜೊತೆ ಒಂದು ಫೋಟೋ ಎಂದು ಕಾಯುತ್ತಿದ್ದ. ಹೋಗಿ ಅವರ ನಡುವೆ ನಿಂತೆ. ನಗ್ರಿ ಸಾಹೇಬ್ರ ಎಂದರು, ನಕ್ಕೆ.